ಬಲ ರೆಕ್ಕೆಯ ಕಸ

ಕಳೆದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಕೂಡಲಸಂಗಮಕ್ಕೆ ಹೋಗಿದ್ದೆ. ದರ್ಶನ ಮುಗಿಸಿ ಹೊಳೆಯ ದಂಡೆಗೆ ಬಂದರೆ ಹುಡುಗಿ ಬೋಟು ಹತ್ತಲೇಬೇಕೆಂದು ಹಟ ಹಿಡಿದಳು. ದಂಡೆಯ ಮೇಲೆ ಒಬ್ಬ ಮನುಷ್ಯ ಫೈಬರ್ ಬೋಟೊಂದನ್ನು ಬೋರಲು ಹಾಕಿಕೊಂಡು ಅದರ ತಳಕ್ಕೆ ತೇಪೆ ಹಚ್ಚುತ್ತ ಕೂತಿದ್ದ. ಮಗ್ಗಿನಲ್ಲಿ ರಾಳ ಕಲಸಿ, ಗಾಜಿನ ಎಳೆಯ ಬಿಳಿ ಬಟ್ಟೆಯ ಮೇಲೆ ಬ್ರಷ್ಷಿನಿಂದ ಸವರುತ್ತಿದ್ದ. ಆ ವಾಸನೆ ಬಂದು ಮೂಗಿಗೆ ಬಡಿಯಿತು. ಒಮ್ಮೆ ಒಳಗೆ ಹೋದರೆ ಗಂಟಲ ಹಿಂದೆ ಕೂತು ಸಂಜೆಯವರೆಗೂ ಏಳದ ವಾಸನೆ ಅದು. ಮೊಮ್ಮಗಳು ಮೂಗು ಮುಚ್ಚಿಕೊಂಡು, "ಅಜ್ಜಾ, ನಡೀ" ಎಂದು ಕೈ ಜಗ್ಗಿದಳು. ನನಗೆ ಕಾಲು ಕೀಳಲು ಆಗಲಿಲ್ಲ. ನಾನಾಗಲೇ ಬಾದಾಮಿಯ ಸ್ಟೇಷನ್ ರಸ್ತೆಯ ಒಂದು ತಗಡಿನ ಶೆಡ್ಡಿನೊಳಗೆ ಹೋಗಿ ನಿಂತಿದ್ದೆ.

ಅದು ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ಪರೀಕ್ಷೆ ಬರೆದು ಮುಗಿಸಿದ್ದೆ, ಫಲಿತಾಂಶ ಬರಬೇಕಿತ್ತು. ತೆಳು ತಗಡು ಒತ್ತಡಕ್ಕೆ ಸಿಕ್ಕಾಗ ಹೇಗೆ ಮಣಿಯುತ್ತದೆ ಎಂಬುದರ ಮೇಲೆ ಐವತ್ತು ಪುಟ ಬರೆದು, ರಟ್ಟು ಹಾಕಿಸಿ, ಬಂಗಾರದ ಅಕ್ಷರದಲ್ಲಿ ಹೆಸರು ಒತ್ತಿಸಿ ಕಾಲೇಜಿಗೆ ಕೊಟ್ಟಿದ್ದೆ. ಖರೆ ಹೇಳಬೇಕೆಂದರೆ ತಗಡು ಮಣಿಯುವುದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಎಲ್ಲ ಪುಸ್ತಕದಿಂದ ಇಳಿಸಿದ್ದು. ಅದನ್ನು ಓದಿಕೊಂಡು, ಬರೆದವನು ಯಾರೆಂದು ಹುಡುಕುತ್ತ ಒಬ್ಬರು ಹಾಸ್ಟೆಲ್ಲಿಗೆ ಬಂದರು. ಐವತ್ತು ದಾಟಿದ ವಯಸ್ಸು, ಕೋಲಿನಂಥ ಮೈ, ಖಾಕಿ ಚಡ್ಡಿ. ವಾಯುಪಡೆಯಲ್ಲಿ ವಿಮಾನದ ಮೈ ರಿಪೇರಿ ಮಾಡುತ್ತ ಇಪ್ಪತ್ತು ವರ್ಷ ದುಡಿದು, ನಿವೃತ್ತಿಯಾಗಿ ಹೆಂಡತಿಯ ಊರಾದ ಬಾದಾಮಿಗೆ ಬಂದು ನೆಲೆಸಿದ್ದರು. ಅವರೇ ದೇಸಾಯಿ ಸರ್.

"ಯಾವ ಊರಪಾ?" ಎಂದರು.

"ಇಳಕಲ್ರಿ. ನೇಕಾರ ಮನಿ."

"ಅಡ್ಡಿಯಿಲ್ಲ. ಲೆಕ್ಕಾನೂ ಬರತೈತಿ, ಬಟ್ಟಿ ಅರಿವೀನೂ ಗೊತ್ತಿರತೈತಿ. ನಡಿ, ನನ್ನ ಸಂಗಾಟ ಬಾ. ನಾ ಒಂದು ಗ್ಲೈಡರ್ ಕಟ್ಟಾಕ ಹತ್ತೇನಿ."

ಗ್ಲೈಡರ್ ಅಂದರೆ ಇಂಜಿನ್ ಇಲ್ಲದ ವಿಮಾನ. ಜೀಪಿಗೆ ಹಗ್ಗ ಕಟ್ಟಿ ಎಳೆದರೆ ಗಾಳಿಪಟದ ಹಾಗೆ ಏಳುತ್ತದೆ, ಹಗ್ಗ ಬಿಟ್ಟರೆ ತೇಲುತ್ತ ಇಳಿಯುತ್ತದೆ. ನೌಕರಿಯಲ್ಲಿದ್ದಾಗ ಸರ್ ಅಂಥವನ್ನು ಹಾರಿಸಿದ್ದರು. ಈಗ ತಾವೇ ಒಂದನ್ನು ಕಟ್ಟಿ, ತಾವೇ ಕೂತು ಹಾರಬೇಕು ಎಂಬುದು ಅವರ ಹಂಬಲ. ಅವರ ಹೆಂಡತಿ ಸುಮಿತ್ರಕ್ಕ ಅದಕ್ಕೆ ಇಟ್ಟ ಹೆಸರು 'ಇವರ ಹುಚ್ಚು'. ಹೆಸರು ಹಾಗೆ ಇಟ್ಟರೂ ಎಮ್ಮೆ ಕಟ್ಟುತ್ತಿದ್ದ ಶೆಡ್ಡನ್ನು ಖಾಲಿ ಮಾಡಿ ಕೊಟ್ಟವರು ಅವರೇ. ಒಂದೇ ಕರಾರು ಹಾಕಿದ್ದರು: ಶೆಡ್ಡಿನ ಕಸ ದಿನಾ ತಾವೇ ಹೊಡೆಯಬೇಕು, ಬೇರೆ ಯಾರೂ ಕಸಬರಿಗೆ ಮುಟ್ಟಕೂಡದು. ಗಂಡಸರು ಕಸ ಹೊಡೆದರೆ ಅವರ ಕಣ್ಣಿಗೆ ಕಸ ಹೋದಂತೆಯೇ ಕಾಣುತ್ತಿರಲಿಲ್ಲ.

ಮೊದಲ ದಿನ ಸರ್ ಒಂದು ಪೋಸ್ಟ್‌ಕಾರ್ಡನ್ನು ಮೇಜಿನ ಮೇಲೆ ನಿಲ್ಲಿಸಿ, ಮೇಲಿನಿಂದ ಬೆರಳಿನಿಂದ ಒತ್ತಿದರು. ಕಾರ್ಡು ಹರಿಯಲಿಲ್ಲ, ಮುರಿಯಲಿಲ್ಲ, ಹೊಟ್ಟೆ ಉಬ್ಬಿಸಿಕೊಂಡು ಪಕ್ಕಕ್ಕೆ ಬಾಗಿತು. "ನೋಡು, ಇದಽ ನೀ ಬರದ ಐವತ್ತು ಪುಟ," ಎಂದು ನಕ್ಕರು. ಆಮೇಲೆ ಅದೇ ಕಾರ್ಡನ್ನು ನಡುವೆ ಮಡಚಿ ನಿಲ್ಲಿಸಿ ಒತ್ತಿದರು. ಈ ಸಲ ಬೆರಳಿಗೇ ನೋವಾಯಿತು.

"ಮುರಿಯೂದಕ್ಕ ನಾ ಅಂಜೂದಿಲ್ಲ, ಈರಣ್ಣ. ಮುರಿಯೂ ಮುಂಚೆ ಅದು ಚರ್ ಅಂತ ಸಪ್ಪಳ ಮಾಡಿ ಹೇಳತೈತಿ. ಈ ಮಣಿಯೂದು ಐತಲ್ಲ, ಇದು ಏನೂ ಹೇಳೂದಿಲ್ಲ. ಅರಿವಿ ಹರದಿರೂದಿಲ್ಲ, ಕಟಗಿ ಮುರದಿರೂದಿಲ್ಲ, ಸುಮ್ಮನ ಮಣದು ಕೂತಬಿಡತೈತಿ. ಮ್ಯಾಲಿದ್ದಾಗ ಮಣೀತಂದ್ರ ಮುಗೀತು."

ರೆಕ್ಕೆಯನ್ನು ದಪ್ಪ ಮಾಡಿದರೆ ಮಣಿಯುವ ಚಿಂತೆಯೇ ಇಲ್ಲ. ಆದರೆ ದಪ್ಪ ಮಾಡಿದರೆ ಅದು ನೆಲ ಬಿಟ್ಟು ಏಳುವುದೂ ಇಲ್ಲ. ಆ ಬೇಸಿಗೆಯ ನಮ್ಮ ಜಗಳವೆಲ್ಲ ಇದೊಂದರ ಸುತ್ತಲೇ ಇತ್ತು. ಹಗುರಾಗಿರಬೇಕು, ಮಣಿಯಬಾರದು. ಉದ್ದಕ್ಕೆ ಒಂದು ಕಟ್ಟಿಗೆಯ ತೊಲೆ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳು, ಅದರ ಮೇಲೆ ಚರ್ಮದ ಹಾಗೆ ಗಾಜಿನ ಬಟ್ಟೆಯ ಎರಡು ಪದರ. ಬಟ್ಟೆಗೆ ರಾಳ ಕುಡಿಸಿದರೆ ಅದು ಒಣಗಿ ಗಟ್ಟಿಯಾಗುತ್ತಿತ್ತು. ಅಡುಗೆಮನೆಯ ತಕ್ಕಡಿ ಶೆಡ್ಡಿಗೆ ಬಂದಿತ್ತು. ಬ್ರಷ್ಷಿನಿಂದ ಒಂದು ತೊಟ್ಟು ರಾಳ ಹೆಚ್ಚು ಬಿದ್ದರೂ ಸರ್ ಅದನ್ನು ಕೆರೆದು ತೆಗೆಸುತ್ತಿದ್ದರು.

ಬಾದಾಮಿಯ ಬಿಸಿಲು ನಿಮಗೆ ಗೊತ್ತಿದ್ದರೆ ಹೇಳುವುದೇ ಬೇಡ. ಹಗಲೆಲ್ಲ ಕಾದ ಕೆಂಪು ಬಂಡೆ ಹೊತ್ತು ಮುಳುಗಿದ ಮೇಲೂ ಊರಿನ ಮೇಲೆ ಬಿಸಿ ಉಸಿರು ಬಿಡುತ್ತಲೇ ಇರುತ್ತದೆ. ಆ ಕಾವಿಗೆ ರಾಳ ಮಗ್ಗಿನಲ್ಲೇ ಹೊಗೆಯೆದ್ದು ಕಲ್ಲಾಗುತ್ತಿತ್ತು. ಒಮ್ಮೆ ಸುಮಿತ್ರಕ್ಕನ ಚಹಾದ ಮಗ್ಗೇ ಬ್ರಷ್ಷನ್ನು ನುಂಗಿಕೊಂಡು ಹೆಪ್ಪುಗಟ್ಟಿತು. ಅಲ್ಲಿಂದ ಮುಂದೆ ನಸುಕಿನಲ್ಲಿ ಎದ್ದು, ಬಿಸಿಲು ಏರುವುದರೊಳಗೆ ಬಟ್ಟೆ ಹಾಸಿ ಮುಗಿಸುವುದು ರೂಢಿಯಾಯಿತು.

ಎಡ ರೆಕ್ಕೆಗೆ ಸರ್ ತಾವೇ ಬಟ್ಟೆ ಹಾಸಿದರು. ನಾನು ಪಕ್ಕದಲ್ಲಿದ್ದು ನೋಡಿದೆ. ಒಳಗಿನ ಪದರ ನೇರ, ಅಂದರೆ ಬಟ್ಟೆಯ ಹಾಸಿನ ಎಳೆ ತೊಲೆಯ ಉದ್ದಕ್ಕೆ, ಹೊಕ್ಕಿನ ಎಳೆ ಅಡ್ಡಕ್ಕೆ. ಹೊರಗಿನ ಪದರ ಓರೆ. ನಕಾಶೆಯಲ್ಲಿ ಅದಕ್ಕೆ ಓರೆ ಗೀಟು ಎಳೆದು, ನಲವತ್ತೈದು ಡಿಗ್ರಿ ಎಂದು ಬರೆದಿದ್ದರು. ಓರೆ ಹಾಸಬೇಕೆಂದರೆ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಬೇಕು. ಹಾಗೆ ಕತ್ತರಿಸಿದಾಗ ಪ್ರತಿ ತುದಿಯಲ್ಲೂ ಒಂದೊಂದು ಮೂರು ಮೂಲೆಯ ತುಂಡು ಉದುರಿ ವ್ಯರ್ಥವಾಗುತ್ತಿತ್ತು. ಶೆಡ್ಡಿನ ತುಂಬ ಅಂಥವೇ ಬಿದ್ದಿದ್ದವು. ಸುಮಿತ್ರಕ್ಕ ಅವನ್ನೆಲ್ಲ ಗುಡಿಸಿ ಹಳೆಯ ಎಣ್ಣೆಡಬ್ಬಿಗೆ ತುಂಬುತ್ತ ಗೊಣಗಿದರು.

"ಎಂಥಾ ಕಸಾರೀ ಇದು! ಕೈಯಾಗ ಚುಚ್ಚತೈತಿ. ತಿಪ್ಪಿಗೆ ಹಾಕೂಣಂದ್ರ ದನಾ ತಿಂದು ಸತ್ತಾವು. ಒಲಿಗೆ ಹಾಕೂಣಂದ್ರ ಉರಿಯೂದಿಲ್ಲ."

ಆ ತುಂಡುಗಳ ಬಗ್ಗೆ ನನ್ನ ಸಂಕಟ ಬೇರೆಯದು. ನಮ್ಮ ಮನೆಯಲ್ಲಿ ಬಟ್ಟೆಗೆ ಕತ್ತರಿ ತಾಗಿಸುವುದೇ ಅಪರೂಪ. ಕೊಯ್ಯಬೇಕಾದರೆ ಎಳೆಯ ಗುಂಟ ಹಲ್ಲಿನಿಂದ ಒಂದು ಗಾಯ ಮಾಡಿ ಪರ್ರೆಂದು ಹರಿಯುತ್ತಾರೆ, ಎಳೆ ಹಿಡಿದು ಹರಿದರೆ ಗೆರೆ ಎಂದೂ ವಂಕಾಗುವುದಿಲ್ಲ. ಓರೆ ಕತ್ತರಿಸುವುದೆಂದರೆ ಒಂದೊಂದು ಎಳೆಯನ್ನೂ ನಡುವೆ ಕೊಂದಂತೆ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಗಲೆಲ್ಲ ನೇಯ್ದದ್ದು ಗೇಣು ಲೆಕ್ಕದಲ್ಲಿ ಬೆಳೆಯುವುದನ್ನು ನೋಡಿ ದೊಡ್ಡವನಾದವನು ನಾನು. ಸೀರೆಯ ಒಡಲಿಗೆ ಸೆರಗು ಕೂಡಿಸುವಾಗ ಅವ್ವ ಒಂದೊಂದೇ ಎಳೆಯನ್ನು ಕೊಂಡಿಯಲ್ಲಿ ಸಿಕ್ಕಿಸುತ್ತಿದ್ದಳು, ಒಂದು ಎಳೆ ಕಡಿದರೂ ಊಟ ಬಿಟ್ಟು ಹುಡುಕುತ್ತಿದ್ದಳು. ಅಂಥ ಮನೆಯವನಿಗೆ ಡಬ್ಬಿಗಟ್ಟಲೆ ಬಟ್ಟೆ ಕಸಕ್ಕೆ ಹೋಗುವುದನ್ನು ನೋಡಲು ಆಗಲಿಲ್ಲ.

ಬಲ ರೆಕ್ಕೆಯ ಸರದಿ ಬಂದಾಗ ಸರ್ ಗಾಲಿ ತರಲು ಹುಬ್ಬಳ್ಳಿಗೆ ಹೊರಟರು. "ನೀನಽ ಹಾಸು. ನಕಾಶಿ ಐತಿ, ಎಡದ ರೆಕ್ಕಿ ಕಣ್ಣ ಮುಂದೈತಿ," ಎಂದು ಹೇಳಿ ಬಸ್ಸು ಹತ್ತಿದರು. ನಾನು ನಸುಕಿನಲ್ಲಿ ಒಳಪದರ ನೇರ ಹಾಸಿದೆ. ಹೊರಪದರಕ್ಕೆ ಬಟ್ಟೆ ಬಿಚ್ಚಿ, ಕತ್ತರಿ ಮೂಲೆಗೆ ಇಟ್ಟೆ. ಕೈ ಮುಂದೆ ಹೋಗಲಿಲ್ಲ. ಬಟ್ಟೆ ಅದೇ, ರಾಳ ಅದೇ, ಪದರ ಎರಡೇ, ತೂಕವೂ ಅಷ್ಟೇ. ನೇರ ಹಾಸಿದರೇನು, ಓರೆ ಹಾಸಿದರೇನು? ಲೆಕ್ಕ ಬಲ್ಲವನು ನಾನೇ ಅಲ್ಲವೇ ಎಂಬ ಸೊಕ್ಕು ಬೇರೆ. ಬಟ್ಟೆಯನ್ನು ಎಳೆಯ ಗುಂಟ ಕೊಯ್ದು, ಎರಡನೆಯ ಪದರವನ್ನೂ ನೇರವಾಗಿಯೇ ಹಾಸಿಬಿಟ್ಟೆ. ಒಂದು ಅಂಗೈಯಗಲದ ತುಂಡೂ ಹಾಳಾಗಲಿಲ್ಲ. ಬಿಸಿಲಿಗೆ ರಾಳ ಕೆಡಬಾರದೆಂದು ಮರುದಿನವೇ ಎರಡೂ ರೆಕ್ಕೆಗೆ ಬಿಳಿ ಬಣ್ಣ ಹೊಡೆದೆ. ಆಮೇಲೆ ಯಾವುದು ನೇರ ಯಾವುದು ಓರೆ ಎಂದು ದೇವರಿಗೂ ತಿಳಿಯುವಂತಿರಲಿಲ್ಲ.

ಸರ್ ತಿರುಗಿ ಬಂದವರೇ ಉಳಿದ ಬಟ್ಟೆಯ ಸುರುಳಿ ನೋಡಿ, "ಭಾರಿ ಅರಿವಿ ಉಳಿಸೀ ಅಲ್ಲೋ!" ಎಂದು ಬೆನ್ನು ಚಪ್ಪರಿಸಿದರು. ನಾನು ಉಬ್ಬಿಹೋದೆ.

ಆ ವಾರ ಇಳಕಲ್ಲಿಗೆ ಹೋದೆ. ಅವ್ವ ಒಗೆದು ಒಣಗಿಸಿದ ಚಾದರ ಮಡಚಲು ನನ್ನನ್ನು ಕರೆದಳು. ಆಕೆ ಎರಡು ಮೂಲೆ ಹಿಡಿದಳು, ನಾನು ಎರಡು ಮೂಲೆ ಹಿಡಿದೆ. ಚಾದರ ಸೊಟ್ಟಗಾಗಿತ್ತು.

"ಎದುರಾ ಬದುರು ಮೂಲಿ ಹಿಡದು ಜಗ್ಗೋ, ನೆಟ್ಟಗಾಗತೈತಿ," ಎಂದಳು.

ಜಗ್ಗಿದೆ. ನೇರ ಜಗ್ಗಿದಾಗ ಒಂದು ಕೂದಲೆಳೆಯಷ್ಟೂ ಜಗ್ಗದ ಚಾದರ ಓರೆ ಜಗ್ಗಿದಾಗ ಮೊಳದಷ್ಟು ಉದ್ದವಾಗಿ ಕೈಗೆ ಬಂತು. ನಡುವೆ ಸಾಲಾಗಿ ನಿರಿಗೆ ಎದ್ದವು.

"ಯಾಕಬೇ ಹಿಂಗ ಬರತೈತಿ?" ಎಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು.

"ನೇಕಾರನ ಮಗಾ ಆಗಿ ಕೇಳತೀ ಅಲ್ಲೋ! ಆ ಕಡೆ ಎಳಿ ಎಲ್ಲದಾವು ಹಿಡ್ಯಾಕ? ಎಳಿ ಇದ್ದ ಕಡೆ ಅರಿವಿ ಗಟ್ಟಿ. ಎಳಿ ಇಲ್ಲದ ಕಡೆ ಅದು ನೀ ಜಗ್ಗಿದಂಗ."

ಗಾಳಿಯಲ್ಲಿ ರೆಕ್ಕೆ ಬರೀ ಮೇಲಕ್ಕೆ ಬಾಗುವುದಿಲ್ಲ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ತಿರುಚುವ ಬಲ ಚರ್ಮದ ಮೇಲೆ ಓರೆಯಾಗಿ ಹರಿಯುತ್ತದೆ. ನನ್ನದೇ ಐವತ್ತು ಪುಟದಲ್ಲಿ ಅದು ಇತ್ತು. ನನ್ನ ರೆಕ್ಕೆಯಲ್ಲಿ ಆ ಓರೆಗೆ ಹಿಡಿಯಲು ಒಂದು ಎಳೆಯೂ ಇರಲಿಲ್ಲ, ಬರೀ ರಾಳ ಇತ್ತು. 

ಹಾಗಾದರೆ ಅಂದೇ ಬಾದಾಮಿಯ ಬಸ್ಸು ಹತ್ತಿ ಹೋಗಿ ಹೇಳಬೇಕಿತ್ತಲ್ಲ? ಹೇಳಲಿಲ್ಲ. ಹೋದೆ, ಬಾಯಿ ಬಿಡಲಿಲ್ಲ. ಬೆನ್ನು ಚಪ್ಪರಿಸಿದ ಕೈಗೆ ಏನೆಂದು ಹೇಳಲಿ ಎಂಬ ನಾಚಿಕೆ. ಸರ್ ರೆಕ್ಕೆಗಳ ಮೇಲೆ ಹೇಗೂ ಮರಳಿನ ಚೀಲ ಹೇರಿ ಪರೀಕ್ಷೆ ಮಾಡುವವರಿದ್ದರು, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ಇಂಥ ನೆವ ಬೇಗ ಸಿಗುತ್ತವೆ.

ಪರೀಕ್ಷೆಯ ದಿನ ಬಂತು. ಮಲಪ್ರಭೆಯ ಮರಳು ತುಂಬಿದ ಚೀಲಗಳನ್ನು ಒಟ್ಟಿದ್ದರು. ಹಾರುವಾಗ ಗಾಳಿ ರೆಕ್ಕೆಯನ್ನು ಕೆಳಗಿನಿಂದ ಎತ್ತುತ್ತದೆ, ಆದ್ದರಿಂದ ರೆಕ್ಕೆಯನ್ನು ಬೋರಲು ಮಾಡಿ, ಬುಡವನ್ನು ಕಲ್ಲುಕಂಬಕ್ಕೆ ಬಿಗಿದು, ಅದರ ಹೊಟ್ಟೆಯ ಮೇಲೆ ಚೀಲ ಹೇರಬೇಕು. ಮುರಿದು ಬಿದ್ದರೆ ತಡೆಯಲು ಕೆಳಗೆ ಎರಡು ಬೆಂಚು ಇಟ್ಟಿದ್ದೆವು. ಕೆಳಗೆ ಮಲಗಿ ಚರ್ಮ ನೋಡುವ ಕೆಲಸ ನನ್ನದು. ಸರ್ ಮೊದಲು ಕಂಬಕ್ಕೆ ಬಿಗಿಸಿದ್ದು ಎಡ ರೆಕ್ಕೆಯನ್ನು. ಇಪ್ಪತ್ತನಾಲ್ಕು ಚೀಲ ಹೇರಿದರು. ರೆಕ್ಕೆ ಬಿಲ್ಲಿನಂತೆ ಬಾಗಿತು, ಆದರೆ ಚರ್ಮ ಕನ್ನಡಿಯಂತೆ ನಯವಾಗಿಯೇ ಇತ್ತು.

"ಗೆದ್ವಿ!" ಎಂದು ಸರ್ ಕುಣಿದಾಡಿದರು. "ಇನ್ನ ಬಲದ್ದು ಹೇರೂದು ಬ್ಯಾಡ. ಎರಡೂ ಒಂದಽ ನಕಾಶಿ, ಒಂದು ತಡದ್ರ ಎರಡೂ ತಡದಂಗ. ರೋಹಿಣಿ ಮಳಿ ಕೂಡೂದರೊಳಗ ಹಾರಬೇಕು. ಬರೂ ಐತವಾರ ಹಾರೂಣು."

ನನ್ನ ನೆವ ಅಲ್ಲಿಗೆ ಸತ್ತಿತು. ಇನ್ನು ಹೇಳಬೇಕು, ಇಲ್ಲವೇ ಅವರು ಕೂರುತ್ತಾರೆ. ಸಂಜೆ ಊಟಕ್ಕೆ ಕೂತೆ.  ಸರ್ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ಸುಮಿತ್ರಕ್ಕ ಪುಂಡಿಪಲ್ಯ ಬಡಿಸುತ್ತ ಒಮ್ಮೆಲೇ ಕೇಳಿದರು.

"ತಮ್ಮಾ, ನೀ ಮಾಡಿದ ರೆಕ್ಕೀನೂ ಹಿಂಗಽ ತಡೀತೈತೇನು?"

"ತಡೀತೈತ್ರಿ ಅಕ್ಕಾರ," ಎಂದೆ. ಬಾಯಿ ತಾನಾಗಿಯೇ ಹೇಳಿತು.

ಅವರು "ಹೂಂ" ಎಂದರು. ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದರು.

ಆ ಮಾತು ಹೇಳಿದ ನಾಲಿಗೆಯನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಒಬ್ಬ ಹೆಂಗಸು ತನ್ನ ಗಂಡನ ಜೀವದ ಬಗ್ಗೆ ಕೇಳಿದ್ದಳು. ನಾನು ಬಟ್ಟೆ ಉಳಿಸಿದ ಹುಡುಗನ ಮಾನ ಕಾಯುತ್ತ ಕೂತಿದ್ದೆ. ಬೆಳಗಾದರೆ ಹೇಳಿಬಿಡುವುದು ಎಂದು ನಿಶ್ಚಯ ಮಾಡಿದೆ. ಎಂದಿನಂತೆ ನಸುಕಿನಲ್ಲಿ ಎದ್ದು ಶೆಡ್ಡಿಗೆ ಹೋದರೆ, ಸರ್ ಆಗಲೇ ಎಡ ರೆಕ್ಕೆ ಬಿಚ್ಚಿ ಬಲ ರೆಕ್ಕೆಯನ್ನು ಕಂಬಕ್ಕೆ ಬಿಗಿಯುತ್ತಿದ್ದರು.

"ಇದನ್ನೂ ಹೇರಿಬಿಡೂಣು ಈರಣ್ಣ," ಎಂದರು, ನನ್ನ ಮುಖ ನೋಡದೆ. "ನಿನ್ನಿ ಹೇರಿದ್ದು ನನ್ನ ರೆಕ್ಕಿ. ಇವತ್ತ ನಿಂದು."

ಬೆಂಚಿನ ನಡುವೆ ಮಲಗಿದೆ. ಮೇಲೆ ಚೀಲ ಬೀಳುವ ದಪ್ ಸಪ್ಪಳ ಎಣಿಸುತ್ತಿದ್ದೆ. ಹತ್ತರವರೆಗೆ ಏನೂ ಆಗಲಿಲ್ಲ. ಹನ್ನೆರಡನೆಯ ಚೀಲಕ್ಕೆ ಬುಡದ ಹತ್ತಿರ ಚರ್ಮದ ಮೇಲೆ ಒಂದು ನೆರಳು ಓರೆಯಾಗಿ ಓಡಿತು. ಹದಿಮೂರಕ್ಕೆ ಪಕ್ಕದಲ್ಲಿ ಇನ್ನೊಂದು. ಹದಿನಾಲ್ಕಕ್ಕೆ ಮೂರು, ನಾಲ್ಕು, ಐದು, ಸೀರೆಯ ನಿರಿಗೆ ಹಿಡಿದಂತೆ ಸಾಲಾಗಿ, ಮೂಲೆಯಿಂದ ಮೂಲೆಗೆ ಎದ್ದುಬಿಟ್ಟವು. ಸಪ್ಪಳವಿಲ್ಲ, ಬಿರುಕಿಲ್ಲ. ಸರ್ ಹೇಳಿದಂತೆಯೇ, ಏನೂ ಹೇಳದೆ ಮಣಿಯಿತು.

"ನಿಲ್ಲಸ್ರಿ! ಸರ್, ನಿಲ್ಲಸ್ರಿ!" ಎಂದು ಕೂಗಿದೆ.

ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ? ನನ್ನ ಕೈಯಾರೆ ಮಾಡಿದ ರೆಕ್ಕೆ ಕಣ್ಣೆದುರೇ ಕೆಟ್ಟುಹೋಗುತ್ತಿತ್ತು, ನನಗೆ ಜೀವ ಬಂದಂತಾಗಿತ್ತು. ಹತ್ತು ದಿನ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿದು, ನೆಲದ ಮೇಲೆ ಮಲಗಿದಲ್ಲೇ ಕಣ್ಣಿಂದ ನೀರು ಬಂತು. ಅದು ನೆಲದ ಮೇಲೆ ಮಣಿದಿತ್ತು. ಅದರಲ್ಲಿ ಸರ್ ಇರಲಿಲ್ಲ, ಮರಳಿತ್ತು.

ಸರ್ ಬಗ್ಗಿ ನಿರಿಗೆಗಳನ್ನು ನೋಡಿದರು. ಬೆರಳಿನಿಂದ ಒಂದನ್ನು ಸವರಿದರು. ಅವರಿಗೆ ತಿಳಿಯಿತೆಂದು ಕಾಣುತ್ತದೆ. ನಾನೇ ಎದ್ದು ಕೂತು ಹೇಳಿದೆ.

"ಸರ್, ಹೊರಗಿನ ಪದರ ಓರೆ ಹಾಸಿಲ್ರಿ. ಎರಡೂ ನೆಟ್ಟಗ ಹಾಸೇನ್ರಿ."

"ಯಾಕೋ?"

"ಅರಿವಿ ಹಾಳಾಗತೈತಿ ಅಂತ್ರಿ."

ಅವರು ಒಂದು ಚೀಲದ ಮೇಲೆ ಕುಸಿದು ಕೂತರು. ಬೈಯುತ್ತಾರೆಂದು ಕಾದೆ. ಅವರು ತಲೆ ಎತ್ತಿ, "ನೇಕಾರ ಅಂತ ನಿನ್ನ ಕರಕೊಂಡು ಬಂದಾಂವ ನಾನಽ," ಎಂದು ನಕ್ಕರು.  "ಓರೆ ಯಾಕ ಹಾಸಬೇಕು ಅಂತ ಹೇಳದಽ ಬರೇ ಗೀಟು ಎಳದು ಹ್ವಾದ್ನಿ. ಅದು ನನ್ನ ತಪ್ಪು. ನೀ ಬಾಯಿ ಮುಚಗೊಂಡು ಕೂತಿದ್ದು ನಿನ್ನ ತಪ್ಪು. ಏಳು, ಕತ್ತರಿ ತಗೊಂಬಾ."

ಮುಂದಿನ ಎರಡು ವಾರ ನಾವು ಮನುಷ್ಯರಂತೆ ಉಣ್ಣಲಿಲ್ಲ, ಮಲಗಲಿಲ್ಲ. ಬಲ ರೆಕ್ಕೆಯ ಚರ್ಮವನ್ನೆಲ್ಲ ಸುಲಿದು ತೆಗೆದೆವು. ತೊಲೆ, ಪಕ್ಕೆಲುಬು ಸುರಕ್ಷಿತವಾಗಿದ್ದವು. ಸುಲಿದ ಮೇಲೆ ಸರ್‌ಗೆ ಇನ್ನೊಂದು ಯೋಚನೆ ಬಂತು. ಮಡಚಿದ ಪೋಸ್ಟ್‌ಕಾರ್ಡಿನ ಹಾಗೆ ಚರ್ಮದ ಒಳಗೂ ಒಂದೆರಡು ಉಬ್ಬು ಪಟ್ಟಿ ಓಡಿಸಿದರೆ ಮಣಿಯುವುದು ಇನ್ನೂ ದೂರ ಹೋಗುತ್ತದೆ. ಆದರೆ ಉಬ್ಬಿಗೆ ಆಕಾರ ಕೊಡಲು ಒಳಗೆ ಹಗುರಾದ ಏನಾದರೂ ಬೇಕು. ಸುಮಿತ್ರಕ್ಕ ಎಮ್ಮೆಗೆ ಹಾಕುವ ಕಣಿಕೆಯ ಹೊರೆಯಿಂದ ಒಂದು ಜೋಳದ ದಂಟನ್ನು ತಂದು ನಮ್ಮ ಮುಂದೆ ಇಟ್ಟರು. "ಸಣ್ಣವರಿದ್ದಾಗ ಇದರ ಬೆಂಡಿನಾಗ ಬಂಡಿ ಮಾಡಿ ಆಡತಿದ್ವಿ. ಇದರಕಿಂತ ಹಗರ ಏನ ಬೇಕ್ರಿ ನಿಮಗ?" ಎಂದರು. ದಂಟನ್ನು ಉದ್ದಕ್ಕೆ ಸೀಳಿ ಬೋರಲಿಟ್ಟು ಅದರ ಮೇಲೆ ಬಟ್ಟೆ ಸುತ್ತಿದೆವು. ಭಾರ ಹೊರುವುದು ಮೇಲಿನ ಬಟ್ಟೆ, ದಂಟು ಆಕಾರಕ್ಕೆ ಮಾತ್ರ. ಎರಡು ರೆಕ್ಕೆಯೂ ಸಮ ತೂಗಬೇಕಲ್ಲ, ಎಡ ರೆಕ್ಕೆಗೂ ಅಷ್ಟೇ ತೂಕದ ಪಟ್ಟಿ ಕೂಡಿಸಿದೆವು.

ಹೊರಪದರವನ್ನು ಈ ಸಲವೂ ನನ್ನಿಂದಲೇ ಹಾಸಿಸಿದರು. ಮೂಲೆಗೆ ಕತ್ತರಿ ಇಟ್ಟು ಮೊದಲ ಎಳೆ ಕಡಿದಾಗ ಮೈ ಜುಮ್ಮೆಂದಿತು. ಆಮೇಲೆ ಅಭ್ಯಾಸವಾಯಿತು. ಬಣ್ಣ ಹಚ್ಚುವ ಮೊದಲೇ ಮತ್ತೆ ಚೀಲ ಹೇರಿದೆವು. ಇಪ್ಪತ್ತನಾಲ್ಕು, ಆಮೇಲೆ ಇಪ್ಪತ್ತೆಂಟು. ನಾನು ಕೆಳಗೆ ಮಲಗಿ ಕಣ್ಣು ಪಿಳುಕಿಸದೆ ನೋಡಿದೆ. ಒಂದು ಗೆರೆಯೂ ಏಳಲಿಲ್ಲ.

ಹಾರಿದ್ದು ಗುಡೂರಿನ ಹತ್ತಿರ. ಎರೆಹೊಲದಲ್ಲಿ ಬೇಸಿಗೆಗೆ ಬಿರುಕು ಬಿಟ್ಟು ಗಾಲಿ ಸಿಕ್ಕಿಬೀಳುತ್ತದೆಂದು ಬೀರಪ್ಪನ ಗುಡಿಯ ಮುಂದಿನ ಕೆಂಪು ಮಣ್ಣಿನ ಮಸಾರಿ ಬಯಲನ್ನು ಸರ್ ಆರಿಸಿದ್ದರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ರೆಕ್ಕೆಗಳನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಬೆಳಕು ಹರಿಯುವ ಹೊತ್ತಿಗೆ ಹೋಗಿ ಮುಟ್ಟಿದೆವು. ಕುರಿ ಬಿಟ್ಟುಕೊಂಡು ಬಂದಿದ್ದ ಅಜ್ಜನೊಬ್ಬ ಕಂಬಳಿ ಹೊದ್ದು, ಎಲ್ಲವನ್ನೂ ಸುತ್ತು ಹಾಕಿ ನೋಡಿ, "ಇದಕ್ಕ ಇಂಜನ್ ಎಲ್ಲೈತ್ರಿ?" ಎಂದ. ಇಲ್ಲವೆಂದೆ. "ಹಂಗಾದ್ರ ನನ್ನ ಕುರಿ ಬೆದರೂದಿಲ್ಲ, ಹಾರಸ್ರಿ," ಎಂದು ಅಪ್ಪಣೆ ಕೊಟ್ಟ.

ಸರ್ ಕೂತು ಪಟ್ಟಿ ಬಿಗಿದುಕೊಂಡರು. ಸುಮಿತ್ರಕ್ಕ ಗುಡಿಯ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ಜೀಪು ಹೊರಟಿತು, ಹಗ್ಗ ಬಿಗಿಯಿತು, ಗಾಲಿ ಗಡಗಡ ಸದ್ದು ಮಾಡುತ್ತ ಓಡಿ, ಒಮ್ಮೆಲೇ ಸದ್ದು ನಿಂತಿತು. ನೆಲ ಬಿಟ್ಟಿತ್ತು. ನಾನು ಸರ್ ಮುಖ ನೋಡಲಿಲ್ಲ, ಬಲ ರೆಕ್ಕೆಯ ಬುಡ ನೋಡುತ್ತಿದ್ದೆ. ಬೇವಿನ ಮರದೆತ್ತರ ಏರಿತು, ಹಗ್ಗ ಕಳಚಿ ಬಿತ್ತು, ತೇಲಿತು. ಮೊದಲ ಬಿಸಿಲು ಓರೆಯಾಗಿ ರೆಕ್ಕೆಯ ಮೇಲೆ ಬಿದ್ದಿತ್ತು, ನಿರಿಗೆ ಎದ್ದಿದ್ದರೆ ನೆರಳು ಕಾಣಲೇಬೇಕಿತ್ತು. ಕಾಣಲಿಲ್ಲ. ಬಯಲಿನ ಆ ತುದಿಗೆ ಹೋಗಿ, ಎರಡು ಸಲ ಪುಟಿದು, ಇಳಿದು ನಿಂತಿತು. ಸರ್ ಎರಡೂ ಕೈ ಮೇಲೆತ್ತಿದ್ದು ದೂರದಿಂದ ಕಂಡಿತು.

ಎಲ್ಲರೂ ಅತ್ತ ಓಡಿದರು. ನಾನು ಮಾತ್ರ ಕಟ್ಟೆಗೆ ಬಂದು ಸುಮಿತ್ರಕ್ಕನ ಪಕ್ಕದಲ್ಲಿ ಕೂತೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಅಕ್ಕಾರ, ಅವತ್ತ ಊಟಕ್ಕ ಕುಂತಾಗ ನಾ ನಿಮಗ ಸುಳ್ಳ ಹೇಳಿದ್ನಿ," ಎಂದೆ.

"ಗೊತ್ತೈತಿ."

"ಸರ್ ಹೇಳಿದ್ರೇನ್ರಿ?"

"ಅವರೇನ ಹೇಳ್ತಾರ? ನಾನಽ ಅವರಿಗೆ ಹೇಳಿದ್ದು, ಬಲದ ರೆಕ್ಕೀನೂ ಹೇರ್ರಿ, ಇಲ್ಲಾಂದ್ರ ನೀವು ಹಾರೂದು ಬ್ಯಾಡ ಅಂತ."

 ಬಿಳಿ ಬಣ್ಣದ ಕೆಳಗೆ ಮುಚ್ಚಿಹೋದದ್ದು, ವಿಮಾನ ಬಲ್ಲ ಸರ್ ಕಣ್ಣಿಗೇ ಬೀಳದೆ ಹೋದದ್ದು, ಇವರಿಗೆ ಹೇಗೆ ಕಂಡಿತು?

"ಕಸಾ ಹೊಡ್ಯಾಕಿ ನಾನಲ್ಲೇನೋ ತಮ್ಮಾ," ಎಂದರು ಅವರು. "ಎಡದ ರೆಕ್ಕಿ ಮಾಡಿದಾಗ ಮೂಲಿ ತುಂಡು ಡಬ್ಬಿ ತುಂಬಿದ್ವು. ನಿನ್ನ ರೆಕ್ಕಿ ಮಾಡಿದಾಗ ಹುಡುಕಿದ್ರೂ ಒಂದು ಸಿಗಲಿಲ್ಲ. ಅವತ್ತ ಒಂದು ನಮೂನಿ ಅನಿಸಿತ್ತು. ನಿನ್ನ ಕೇಳಿದಾಗ ಗಡಬಡಿಸಿ 'ತಡೀತೈತಿ' ಅಂದಿ ನೋಡು, ಖಾತ್ರಿ ಆತು. ಎರಡೂ ರೆಕ್ಕಿ ಒಂದಽ ಅಂದಮ್ಯಾಲ ಕಸಾನೂ ಒಂದಽ ಇರಬೇಕಲ್ಲೋ!"

"ಮತ್ತ ಸರ್‌ಗೆ ಅದನ್ನಽ ಹೇಳಬೇಕಿತ್ತಲ್ರೀ?"

"ಹೇರ್ರಿ ಅಂತ ಅಷ್ಟಽ ಹೇಳಿದ್ನಿ. ಉಳದದ್ದು ನೀ ಹೇಳ್ತಿ ಅಂತ ಬಿಟ್ನಿ," ಎಂದು ನನ್ನ ತಲೆಯ ಮೇಲೆ ಒಂದು ಮೊಟಕಿ, ಗಂಡನ ಕಡೆಗೆ ನಡೆದರು.

ಆ ಬೇಸಿಗೆಯ ಫಲಿತಾಂಶದಲ್ಲಿ ನಾನು ಮೊದಲ ದರ್ಜೆಯಲ್ಲಿ ಪಾಸಾದೆ. ಮುಂದೆ ಮೂವತ್ತು ವರ್ಷ ಇಂಥವೇ ತೆಳು ಚರ್ಮ, ಓರೆ ಬಟ್ಟೆ, ಮಣಿಯುವ ಲೆಕ್ಕದಲ್ಲೇ ಅನ್ನ ತಿಂದೆ. ಕಿರಿಯರು ಕೆಲಸ ಮುಗಿಸಿ ಕಾಗದ ತಂದು ತೋರಿಸಿದಾಗ, ಅದನ್ನು ಬದಿಗಿಟ್ಟು, ಅವರ ಮೇಜಿನ ಕೆಳಗಿನ ಕಸದ ಬುಟ್ಟಿ ನೋಡಲು ಹೋಗುತ್ತಿದ್ದೆ. ಬೆನ್ನ ಹಿಂದೆ ನನಗೇನು ಹೆಸರಿಟ್ಟಿದ್ದರೋ ಗೊತ್ತಿಲ್ಲ. ಸರ್ ಈಗಿಲ್ಲ. ಹಾಸಿಗೆ ಹಿಡಿದು, ಮನೆಯಲ್ಲೇ, ಮುಪ್ಪಿನಲ್ಲಿ ಹೋದರು. ಆ ಸುದ್ದಿ ಕೇಳಿದಾಗ ದುಃಖದ ನಡುವೆಯೂ ಒಳಗೆ ಎಲ್ಲೋ ನಿರಾಳವೆನಿಸಿದ್ದನ್ನು ಮುಚ್ಚಿಡುವುದಿಲ್ಲ.

"ಅಜ್ಜಾ, ಬೋಟು!" ಮೊಮ್ಮಗಳು ಮತ್ತೆ ಕೈ ಜಗ್ಗಿದಳು. ನೀರಿನಲ್ಲಿ ಇನ್ನೊಂದು ಬೋಟು ಜನ ಹತ್ತಿಸಿಕೊಳ್ಳುತ್ತ ನಿಂತಿತ್ತು. ಅದರ ಪಕ್ಕೆಯಲ್ಲೂ ಒಂದು ಹೊಸ ತೇಪೆ ಇತ್ತು, ಮೇಲೆ ನೀಲಿ ಬಣ್ಣ ಬಳಿದಿದ್ದರು.

"ಅದಕ್ಕ ತ್ಯಾಪಿ ಹಾಕಿದಾಂವ ಯಾರಪಾ?" ಎಂದು ರಾಳ ಸವರುತ್ತಿದ್ದವನನ್ನು ಕೇಳಿದೆ.

"ನಾನಽರಿ. ಇವತ್ತ ಮುಂಜಾನಿ, ಇಲ್ಲೇ ಕುಂತು ಹಾಕೇನಿ. ಭಾಳ ಗಟ್ಟಿ ಐತ್ರಿ, ಯಾಕ್ರಿ?"

ನಾನು ಬಗ್ಗಿ, ಅವನ ಕಾಲಬುಡದ ಮರಳಿನಲ್ಲಿ ಹುಡುಕತೊಡಗಿದೆ. ಅಜ್ಜನಿಗೆ ಏನೋ ಬಿದ್ದು ಕಳೆಯಿತೆಂದು ಅವನೂ ಬಗ್ಗಿದ. ಮರಳು ಅಂಟಿಕೊಂಡ, ಮೂರು ಮೂಲೆಯ ಬಿಳಿ ತುಂಡುಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಒಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. ಸ್ವಲ್ಪ ಚುಚ್ಚಿತು.

"ನಡೀ ಅವ್ವಾ," ಎಂದು ಮೊಮ್ಮಗಳ ಕೈ ಹಿಡಿದೆ. "ಹತ್ತೂಣು."